ಎಷ್ಟು ಓಡುತ್ತದೆ?

ರಿಮೋಟಿನಲ್ಲಿ ಓಡಿಸುವ ನನ್ನ ಪುಟ್ಟ ಕಾರನ್ನು ಡಾಮರಿನ ಮೇಲಿಟ್ಟು ಎಂಜಿನ್ ಚಾಲೂ ಮಾಡಿದ ಎರಡು ನಿಮಿಷದೊಳಗೆ ಯಾರಾದರೊಬ್ಬರು ಬೈಕು ನಿಲ್ಲಿಸಿ ಹತ್ತಿರ ಬರುತ್ತಾರೆ. ಬೆಲೆಯ ಮಾತು, ಎಂಜಿನ್ ಎಷ್ಟು ಸಿಸಿಯದು ಎಂಬ ಮಾತು ಎಲ್ಲ ಆಮೇಲೆ, ಮೊದಲ ಪ್ರಶ್ನೆ ಯಾವಾಗಲೂ "ಇದು ಎಷ್ಟು ಓಡುತ್ತದೆ?" ಎಂಬುದೇ. ನಾಲ್ಕು ವರ್ಷ ನಾನು ಇದಕ್ಕೆ ತಡವರಿಸದೆ "ಎಂಬತ್ತು" ಎಂದು ಉತ್ತರ ಕೊಡುತ್ತಾ ಬಂದೆ. ಆ ಸಂಖ್ಯೆ ಕಾರು ಬಂದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು, ಮತ್ತು ಗಂಟೆಗೆ ಎಂಬತ್ತು ಕಿಲೋಮೀಟರ್ ಎಂದರೆ ಕೇಳಿದವರ ಮುಖ ಅರಳುತ್ತಿತ್ತು. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ. ಎಂಟನೆಯ ತರಗತಿಯಲ್ಲಿದ್ದ ಅಕ್ಕನ ಮಗ ಒಂದು ಭಾನುವಾರ ನನ್ನ ಪಕ್ಕದಲ್ಲಿ ನಿಂತು, "ನೀವು ಅಳತೆ ಮಾಡಿ ನೋಡಿದ್ದೀರಾ ಮಾಮ?" ಎಂದು ಕೇಳಿದ ಮೇಲೆ ಆ ಉತ್ತರ ನನ್ನ ಬಾಯಿಂದ ಮೊದಲಿನಷ್ಟು ಸಲೀಸಾಗಿ ಹೊರಡಲಿಲ್ಲ.

ನಾವು ಓಡಿಸುವುದು ಕಾವೂರಿನ ಆಚೆಗಿರುವ ಒಂದು ಹೊಸ ಬಡಾವಣೆಯಲ್ಲಿ. ನಿವೇಶನಗಳು ಮಾರಾಟವಾಗಿವೆ, ರಸ್ತೆಗೆ ಡಾಮರು ಬಿದ್ದಿದೆ, ಮನೆಗಳು ಇನ್ನೂ ಎದ್ದಿಲ್ಲ. ಗುಡ್ಡ ಕಡಿದು ಸಮತಟ್ಟು ಮಾಡಿದ 260 ಮೀಟರ್ ನೇರ ರಸ್ತೆ ಮಂಗಳೂರಿನಲ್ಲಿ ಸಿಗುವುದೇ ದೊಡ್ಡ ಭಾಗ್ಯ. ಇಲ್ಲಿ ಹತ್ತು ಹೆಜ್ಜೆ ಸಮವಾಗಿ ನಡೆದರೆ ಹನ್ನೊಂದನೆಯದು ಏರು ಅಥವಾ ಇಳಿಜಾರು. ಮುಂದಿನ ಭಾನುವಾರ ಟೇಪು ಹಿಡಿದು ರಸ್ತೆಯ ನಡುವೆ 50 ಮೀಟರ್ ಅಂತರದಲ್ಲಿ ಎರಡು ಬಿಳಿಗೆರೆ ಎಳೆದೆವು. ಸ್ಟಾಪ್‌ವಾಚ್ ಪ್ರಯೋಜನಕ್ಕೆ ಬರುವುದಿಲ್ಲ ಎಂಬುದು ಮೊದಲ ಸುತ್ತಿನಲ್ಲೇ ಗೊತ್ತಾಯಿತು, ಏಕೆಂದರೆ ಮೂರು ಸೆಕೆಂಡಿನ ಓಟದಲ್ಲಿ ಹೆಬ್ಬೆರಳು ಕಾಲು ಸೆಕೆಂಡು ತಡ ಮಾಡಿದರೂ ನಾಲ್ಕೈದು ಕಿಲೋಮೀಟರ್ ಆಚೀಚೆ ಆಗುತ್ತದೆ. ಅರ್ಧ ಕಟ್ಟಿ ಬಿಟ್ಟಿದ್ದ ಒಂದು ಮನೆಯ ತಾರಸಿಯಿಂದ ಎರಡೂ ಗೆರೆಗಳು ಕಾಣುತ್ತಿದ್ದವು. ಹುಡುಗ ಅಲ್ಲಿಗೆ ಹತ್ತಿ ಮೊಬೈಲಿನಲ್ಲಿ ವಿಡಿಯೋ ಹಿಡಿದ. ಸೆಕೆಂಡಿಗೆ 60 ಫ್ರೇಮ್ ತೆಗೆಯುವ ಕ್ಯಾಮೆರಾ ಅದು. ರಾತ್ರಿ ಮನೆಯಲ್ಲಿ ಕೂತು ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದೆವು: ಮೊದಲ ಗೆರೆಯಿಂದ ಎರಡನೆಯದಕ್ಕೆ 208. ಅಂದರೆ 3.47 ಸೆಕೆಂಡು, ಅಂದರೆ ಗಂಟೆಗೆ 52 ಕಿಲೋಮೀಟರ್.

ಆ ರಾತ್ರಿ ನನಗೆ ನೆನಪಾದದ್ದು ಕಂಬಳ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ ಓಡಿದ್ದು 142.5 ಮೀಟರ್, ತೆಗೆದುಕೊಂಡದ್ದು 13.62 ಸೆಕೆಂಡು. ಅದು ಗದ್ದೆಯಲ್ಲಿ ಅಳೆದ ಲೆಕ್ಕ. ಅದನ್ನು ಭಾಗಿಸಿ "ನೂರು ಮೀಟರಿಗೆ 9.55" ಎಂದು ಬಂದದ್ದು ಕಾಗದದ ಮೇಲಿನ ಲೆಕ್ಕ. ಉಸೇನ್ ಬೋಲ್ಟ್‌ನ ದಾಖಲೆಯ ಹೋಲಿಕೆಯೊಂದಿಗೆ ದೇಶವೆಲ್ಲ ಸುತ್ತಿದ್ದು ಎರಡನೆಯ ಸಂಖ್ಯೆ. ಕೆಸರಿನಲ್ಲಿ ಕೋಣಗಳ ಹಿಂದೆ ಗಂಟೆಗೆ ಸುಮಾರು 38 ಕಿಲೋಮೀಟರ್ ವೇಗದಲ್ಲಿ ಮನುಷ್ಯನೊಬ್ಬ ಓಡಿದ ಎಂಬ ನಿಜವಾದ ಅದ್ಭುತ ಆ ಹೋಲಿಕೆಯ ಗದ್ದಲದಲ್ಲಿ ಹಿಂದೆ ಸರಿಯಿತು. ನನ್ನ ಕಾರಿನ ಎಂಬತ್ತು ಕೂಡ ಯಾರೋ ಎಲ್ಲೋ ಕಾಗದದ ಮೇಲೆ ಮಾಡಿದ ಭಾಗಾಕಾರವಾಗಿರಬೇಕು. ಆದರೆ 52 ನನ್ನದು, ಕಾವೂರಿನ ಡಾಮರಿನದು. ಅಲ್ಲಿಂದ ಮುಂದಕ್ಕೆ ಎಷ್ಟು ಹೋಗಬಹುದೆಂದು ನೋಡುವ ಹಟ ಆ ರಾತ್ರಿಯೇ ಹುಟ್ಟಿತು.

ಹಲ್ಲುಗಳ ಲೆಕ್ಕ

ವೇಗ ಹೆಚ್ಚಿಸಬೇಕೆಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಎಂಜಿನ್ನಿನ ಕಡೆಗೆ. ನನ್ನ ಕಣ್ಣೂ ಅಲ್ಲಿಗೇ ಹೋಗಿತ್ತು. ಆದರೆ ಅದಕ್ಕೂ ಮೊದಲು ಒಂದು ಹಾಳೆ ತೆಗೆದುಕೊಂಡು ಸರಳವಾದ ಗುಣಾಕಾರ ಮಾಡಿದ್ದು ಒಳ್ಳೆಯದಾಯಿತು. ನನ್ನದು ನಿಜವಾದ ಕಾರಿನ ಹತ್ತರಲ್ಲಿ ಒಂದರಷ್ಟು ಅಳತೆಯ ರಸ್ತೆ ಕಾರು, ಎಂಜಿನ್ 2.5 ಸಿಸಿ, ಫೋಮ್ ಟಯರಿನ ವ್ಯಾಸ 64 ಮಿಲಿಮೀಟರ್. ಚಕ್ರ ಒಂದು ಸುತ್ತು ತಿರುಗಿದರೆ ಕಾರು ಸುಮಾರು 20 ಸೆಂಟಿಮೀಟರ್ ಮುಂದೆ ಹೋಗುತ್ತದೆ. ಎಂಜಿನ್ ಆರೂವರೆ ಸುತ್ತು ಹೊಡೆದರೆ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 28,000 ಸುತ್ತು ತಿರುಗುತ್ತದೆಂದು ಇಟ್ಟುಕೊಂಡರೆ ಕಾರಿನ ವೇಗ ಗಂಟೆಗೆ 52 ಬರುತ್ತದೆ. ವಿಡಿಯೋ ಹೇಳಿದ್ದೂ ಅದನ್ನೇ. ಹೀಗೆ ಎರಡು ದಾರಿಯಿಂದ ಒಂದೇ ಉತ್ತರ ಬಂದಾಗ ಸಿಗುವ ಸಮಾಧಾನ ದೊಡ್ಡದು.

ಹಾಗಾದರೆ ಎಂಜಿನ್ನಿನ ತಿರುಗಾಟವನ್ನು ಚಕ್ರದ ಕಡೆಗೆ ದಾಟಿಸುವ ಹಲ್ಲುಗಾಲಿಯ, ಅಂದರೆ ಕ್ಲಚ್ ಬೆಲ್ಲಿನ, ಹಲ್ಲು ಹೆಚ್ಚಿಸಿದರೆ ಮುಗಿಯಿತಲ್ಲ? 15 ಹಲ್ಲಿನದನ್ನು ತೆಗೆದು 17ರದ್ದನ್ನು ಹಾಕಿದೆ. ಕಾಗದ 59 ಎಂದಿತು, ರಸ್ತೆ 57 ಕೊಟ್ಟಿತು. ಹುರುಪಿನಿಂದ 19ರದ್ದನ್ನು ಹಾಕಿದೆ. ಕಾಗದ 66 ಎಂದಿತು. ರಸ್ತೆಯಲ್ಲಿ ಬಂದದ್ದು 55, 17ರದ್ದು ಕೊಟ್ಟದ್ದಕ್ಕಿಂತ ಕಡಿಮೆ. ಎಂಜಿನ್ನಿಗೆ ಅಷ್ಟು ಭಾರ ಎಳೆದುಕೊಂಡು ತನ್ನ ಶಕ್ತಿ ತೆರೆದುಕೊಳ್ಳುವ ಸುತ್ತುಗಳವರೆಗೆ ಏರಲು ಆಗಲಿಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಹೆಚ್ಚುತ್ತದೆ, ಅದನ್ನು ಎದುರಿಸಲು ಬೇಕಾದ ಶಕ್ತಿ ವೇಗದ ಘನದಂತೆ ಹೆಚ್ಚುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಅದು ಮನಸ್ಸಿಗೆ ಇಳಿದದ್ದು ಆ ದಿನ. 52ರಿಂದ 80ಕ್ಕೆ ಹೋಗಬೇಕಾದರೆ ವೇಗ ಒಂದೂವರೆ ಪಟ್ಟು ಆಗಬೇಕು ಅಷ್ಟೆ, ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ಮೂರೂವರೆ ಪಟ್ಟಿಗಿಂತ ಹೆಚ್ಚು. ಹಲ್ಲು ಬದಲಿಸುವುದರಿಂದ ಶಕ್ತಿ ಹುಟ್ಟುವುದಿಲ್ಲ, ಇದ್ದ ಶಕ್ತಿಯನ್ನು ಹೇಗೆ ಖರ್ಚು ಮಾಡಬೇಕೆಂಬುದಷ್ಟೇ ಅದರ ಕೈಯಲ್ಲಿರುವುದು. 17ಕ್ಕೇ ಹಿಂತಿರುಗಿ, ಆಮೇಲೆ ಎಂಜಿನ್ನಿನ ಕಡೆ ನೋಡಿದೆ.

ಮಲ್ಪೆಯ ಲೇತ್

ಈ ಎಂಜಿನ್ನುಗಳ ಇಂಧನ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ, ಅದರ ಗುಟ್ಟು ಗಾಳಿಯಲ್ಲಿದೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಹದಿನಾಲ್ಕು ಕಿಲೋಗಿಂತ ಹೆಚ್ಚು ಗಾಳಿ ಬೇಕು, ಮೆಥನಾಲಿಗೆ ಆರೂವರೆ ಕಿಲೋದಷ್ಟು ಸಾಕು, ನೈಟ್ರೋಮೀಥೇನಿಗೆ ಎರಡು ಕಿಲೋ ಕೂಡ ಬೇಡ, ಏಕೆಂದರೆ ಅದು ತನಗೆ ಬೇಕಾದ ಆಮ್ಲಜನಕದಲ್ಲಿ ಸ್ವಲ್ಪವನ್ನು ತನ್ನೊಳಗೇ ಹೊತ್ತು ತರುತ್ತದೆ. ಕಿಲೋ ಲೆಕ್ಕದಲ್ಲಿ ಪೆಟ್ರೋಲಿನಷ್ಟು ಶಕ್ತಿ ಅದರಲ್ಲಿಲ್ಲ. ಆದರೆ ಸಿಲಿಂಡರಿಗೆ ಒಂದು ಉಸಿರಿನಲ್ಲಿ ಬರುವ ಗಾಳಿ ಇಷ್ಟೇ ಎಂದು ನಿಗದಿಯಾಗಿರುವಾಗ, ಅದೇ ಗಾಳಿಯಲ್ಲಿ ಬಹಳ ಹೆಚ್ಚು ಇಂಧನವನ್ನು ಉರಿಸಲು ಸಾಧ್ಯವಾಗುತ್ತದೆ. ನಾನು 16 ಶೇಕಡಾ ನೈಟ್ರೋ ಇದ್ದ ಡಬ್ಬಿಯನ್ನು ಬಿಟ್ಟು 25 ಶೇಕಡದ್ದಕ್ಕೆ ಬಂದೆ. ಅದರ ಜೊತೆಗೆ, ಸಂಪೀಡನ (ಸಿಲಿಂಡರಿನೊಳಗೆ ಮಿಶ್ರಣವನ್ನು ಒತ್ತುವ ಬಿಗಿ) ಹೆಚ್ಚಾದರೆ ಶಕ್ತಿ ಹೆಚ್ಚು ಎಂಬ ಅರೆತಿಳಿವಿನಿಂದ ಸಿಲಿಂಡರಿನ ಮುಚ್ಚಳವಾದ ಹೆಡ್ಡಿನ ಕೆಳಗಿದ್ದ ಶಿಮ್ ಎಂಬ ತೆಳು ತಗಡಿನ ಬಳೆಯೊಂದನ್ನು ತೆಗೆದೂ ಬಿಟ್ಟೆ. ಇವೆರಡನ್ನು ಒಟ್ಟಿಗೆ ಮಾಡಬಾರದಿತ್ತು. ಕಿಡಿಯ ಬದಲು ಕಾದ ತಂತಿಯಿಂದ ಹೊತ್ತಿಸುವ ಗ್ಲೋ ಪ್ಲಗ್ಗಿನ ಎಂಜಿನ್ನಿಗೆ ಆ ಹೊತ್ತನ್ನು ಗೊತ್ತುಮಾಡುವ ಬೇರೆ ವ್ಯವಸ್ಥೆ ಇಲ್ಲ. ಪ್ಲಗ್ಗಿನ ಪ್ಲಾಟಿನಂ ತಂತಿ, ಸಂಪೀಡನ, ಇಂಧನ ಈ ಮೂರೂ ಸೇರಿ ಯಾವಾಗ ಹೊತ್ತಿಕೊಳ್ಳಬೇಕೆಂದು ತೀರ್ಮಾನಿಸುತ್ತವೆ. ನೈಟ್ರೋ ಹೆಚ್ಚಿದರೆ ಬೇಗ ಹೊತ್ತಿಕೊಳ್ಳುತ್ತದೆ, ಸಂಪೀಡನ ಹೆಚ್ಚಿದರೂ ಬೇಗ ಹೊತ್ತಿಕೊಳ್ಳುತ್ತದೆ. ಎರಡೂ ಹೆಚ್ಚಿದಾಗ ಪಿಸ್ಟನ್ ಮೇಲೆ ಬರುತ್ತಿರುವಾಗಲೇ ಸ್ಫೋಟ ಅದನ್ನು ಕೆಳಕ್ಕೆ ತಳ್ಳುತ್ತದೆ. ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಬಾಣಲೆಯಲ್ಲಿ ಒಗ್ಗರಣೆ ಸಿಡಿದಂತಹ ಸದ್ದು ಕೇಳುತ್ತಿತ್ತು. ಒಂದೇ ಬೆಳಿಗ್ಗೆ ಮೂರು ಪ್ಲಗ್ ಸುಟ್ಟವು.

ಪರಿಚಯದ ಮೀನುಗಾರರೊಬ್ಬರು ಮಲ್ಪೆ ಬಂದರಿನ ಹಿಂದೆ ಇರುವ ಒಂದು ಲೇತ್ ಅಂಗಡಿಯ ದಾರಿ ತೋರಿಸಿದರು. ಬೋಟುಗಳ ಪ್ರೊಪೆಲ್ಲರ್ ಶಾಫ್ಟನ್ನು ತಿರುವುವ ಜಾಗ ಅದು. ನಾನು ಹೋದಾಗ ಮನುಷ್ಯನ ತೋಳಿನಷ್ಟು ದಪ್ಪದ ಶಾಫ್ಟೊಂದು ಚಕ್ಕಿನಲ್ಲಿ ತಿರುಗುತ್ತಿತ್ತು. ಅರವತ್ತು ದಾಟಿದ ಮೇಸ್ತ್ರಿ ಅದನ್ನು ಮುಗಿಸುವವರೆಗೆ ನನ್ನತ್ತ ನೋಡಲಿಲ್ಲ. ಆಮೇಲೆ ಕೈ ಒರೆಸಿಕೊಂಡು ನನ್ನ ಎಂಜಿನ್ನನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, "ಆಟದ್ದಾ ಇದು?" ಎಂದರು. ಆಟದ್ದೇ, ಆದರೆ ನಿಮಿಷಕ್ಕೆ ಇಪ್ಪತ್ತೆಂಟು ಸಾವಿರ ಸುತ್ತು ತಿರುಗುತ್ತದೆ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು ಸ್ಟೂಲು ಎಳೆದುಕೊಂಡು ಕೂತರು.

ಅವರು ಹೆಡ್ ಬಿಚ್ಚಿ ಪಿಸ್ಟನ್ನಿನ ನೆತ್ತಿಯನ್ನು ಬೆಳಕಿಗೆ ಹಿಡಿದರು. ಅಂಚಿನುದ್ದಕ್ಕೂ ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ಗುಳಿಗಳು ಬಿದ್ದಿದ್ದವು. ನಾನು ತಂದಿದ್ದ ತೆಳು ಸೋಲ್ಡರ್ ತಂತಿಯನ್ನು, ಹೆಡ್ ಮತ್ತೆ ಕೂರಿಸಿದ ಮೇಲೆ, ಪ್ಲಗ್ಗಿನ ತೂತಿನಿಂದ ಸಿಲಿಂಡರಿನ ಅಂಚಿನವರೆಗೆ ತೂರಿಸಿ, ಫ್ಲೈವೀಲನ್ನು ಕೈಯಿಂದ ಒಂದು ಸುತ್ತು ತಿರುಗಿಸಿದರು. ಪಿಸ್ಟನ್ ಮೇಲೆ ಬಂದಾಗ ತಂತಿಯ ತುದಿ ಹೆಡ್ಡಿಗೂ ಪಿಸ್ಟನ್ನಿಗೂ ನಡುವೆ ಸಿಕ್ಕಿ ಚಪ್ಪಟೆಯಾಯಿತು. ಅದನ್ನು ಮೈಕ್ರೋಮೀಟರಿನಲ್ಲಿ ಹಿಡಿದರೆ 0.31 ಮಿಲಿಮೀಟರ್. ಇನ್ನೂ ಎಷ್ಟು ಕಡಿಮೆ ಮಾಡಬಹುದು ಎಂದು ನಾನು ಕೇಳಿದೆ. ಅವರು ಹೇಳಿದ ಮಾತು ನನಗೆ ಈಗಲೂ ಹಾಗೆಯೇ ನೆನಪಿದೆ: "ಎಷ್ಟು ಕಡಿಮೆ ಮಾಡುದು ಅಂತ ಕೇಳ್ಬೇಡಿ ಮಾರಾಯ್ರೆ, ಎಷ್ಟು ಜಾಗ ಬಿಡ್ಬೇಕು ಅಂತ ಕೇಳಿ. ತಿರುಗುವಾಗ ಎಲ್ಲ ಸಾಮಾನೂ ಸ್ವಲ್ಪ ಎಳೀತದೆ." ಕೈಯಲ್ಲಿ ತಿರುಗಿಸಿ ಅಳೆದ ಜಾಗ, ಓಡುವಾಗ ಇರುವ ಜಾಗವಲ್ಲ. ಬೇರಿಂಗಿನ ಸಡಿಲ, ಕನೆಕ್ಟಿಂಗ್ ರಾಡಿನ ಎಳೆತ ಎಲ್ಲ ಸೇರಿ ಅದರಲ್ಲಿ ಸ್ವಲ್ಪವನ್ನು ತಿಂದುಹಾಕುತ್ತವೆ. ಆ ಗಾತ್ರದ ಶಿಮ್ ಇಲ್ಲಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲವೆಂದು ಅವರಿಗೆ ಹೇಳಿದೆ. 0.2 ಮಿಲಿಮೀಟರಿನ ತಾಮ್ರದ ತಗಡನ್ನು ಹಾಗೇ ಕತ್ತರಿಸಿದರೆ ಅಂಚು ಸುಕ್ಕಾಗುತ್ತದೆ. ಅವರು ಎರಡು ಅಲ್ಯೂಮಿನಿಯಂ ಬಿಲ್ಲೆಗಳ ನಡುವೆ ಮೂರು ತಗಡುಗಳನ್ನು ಒಟ್ಟಿಗೆ ಬಿಗಿದು, ಒಂದೇ ಗಟ್ಟಿ ತುಂಡಿನಂತೆ ಲೇತಿನಲ್ಲಿ ಕೊರೆದರು. ಬಿಚ್ಚಿದಾಗ ಬಳೆಯಂತಹ ಮೂರು ಶಿಮ್‌ಗಳು, ಬೆರಳಾಡಿಸಿದರೆ ಎಲ್ಲಿಯೂ ಚುಚ್ಚುತ್ತಿರಲಿಲ್ಲ. ಕೊಟ್ಟದ್ದು 150 ರೂಪಾಯಿ. ಒಂದನ್ನು ಹಾಕಿದ ಮೇಲೆ ಜಾಗ ಅರ್ಧ ಮಿಲಿಮೀಟರಿಗೆ ಬಂತು, ಒಗ್ಗರಣೆಯ ಸದ್ದು ನಿಂತಿತು, ಕಾರು 61 ಓಡಿತು. ಉಳಿದ ಎರಡು ಶಿಮ್ ಇಂದಿಗೂ ನನ್ನ ಡಬ್ಬಿಯಲ್ಲಿವೆ.

ಇಂಧನದ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು, ಏಕೆಂದರೆ ಮಕ್ಕಳಿರುವ ಮನೆಗಳಲ್ಲಿ ಈ ಡಬ್ಬಿ ಇರುತ್ತದೆ. ಮೆಥನಾಲ್ ವಿಷ, ಸ್ವಲ್ಪವೇ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಅದರ ಜ್ವಾಲೆ ಹಗಲ ಬಿಸಿಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲವೆಂದೇ ಹೇಳಬೇಕು. ನನ್ನ ಡಬ್ಬಿ ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ಮನೆಯ ಹೊರಗಿದೆ.

ಉಪ್ಪು, ಮರಳು, ತೇವ

ಕಾರ್ಬುರೇಟರಿನಲ್ಲಿ ಇಂಧನದ ಪ್ರಮಾಣವನ್ನು ಹೊಂದಿಸುವ ನೀಡಲ್ ಎಷ್ಟು ಸುತ್ತು ತೆರೆದಿರಬೇಕೆಂದು ಬೇರೆ ಊರಿನವರು ಹೇಳಿದ್ದನ್ನು ಇಲ್ಲಿ ಹಾಗೇ ಅನುಸರಿಸಿದರೆ ಎಂಜಿನ್ ಕೆಮ್ಮುತ್ತದೆ. ಮೇ ತಿಂಗಳ ಮಂಗಳೂರಿನ ಗಾಳಿ ಬಿಸಿಯಾಗಿಯೂ ತೇವವಾಗಿಯೂ ಇರುತ್ತದೆ. ಬಿಸಿ ಗಾಳಿ ತೆಳು, ಅದರ ಒಂದು ಪಾಲನ್ನು ನೀರಾವಿ ಆಕ್ರಮಿಸಿಕೊಂಡಿರುತ್ತದೆ, ಹಾಗಾಗಿ ಸಿಲಿಂಡರಿಗೆ ಸಿಗುವ ಆಮ್ಲಜನಕ ಕಡಿಮೆ, ಇಂಧನವನ್ನೂ ಅಷ್ಟೇ ಕಡಿಮೆ ಕೊಡಬೇಕು. ಅದೇ ಸೆಟ್ಟಿಂಗಿನಲ್ಲಿ ಡಿಸೆಂಬರಿನ ತಂಪು ಬೆಳಿಗ್ಗೆ ಓಡಿಸಿದರೆ ಗಾಳಿ ಹೆಚ್ಚಾಗಿ ಇಂಧನ ಸಾಲದೆ ಹೋಗುತ್ತದೆ. ಸಾಲದ ಇಂಧನದೊಂದಿಗೆ ಸಾಲದ ಎಣ್ಣೆಯೂ ಬರುತ್ತದೆ, ಏಕೆಂದರೆ ಎಣ್ಣೆ ಬೆರೆತಿರುವುದು ಇಂಧನದಲ್ಲೇ. ಇಂಧನ ಸಾಲದ ಎಂಜಿನ್ ಸ್ವಲ್ಪ ಹೊತ್ತು ಅದ್ಭುತವಾಗಿ ಓಡುತ್ತದೆ, ಸದ್ದು ತೀಕ್ಷ್ಣವಾಗುತ್ತದೆ, ವೇಗವೂ ಹೆಚ್ಚುತ್ತದೆ, ಅದೇ ಅಪಾಯ. ಈಗ ನಾನು ಪ್ರತಿ ಓಟದ ಮೊದಲು ಗಡಿಯಾರದ ಮುಳ್ಳಿನ ಒಂದು ಗಂಟೆಯಷ್ಟು ನೀಡಲನ್ನು ತೆರೆದೇ ಶುರು ಮಾಡುತ್ತೇನೆ. ಹೆಡ್ಡಿನ ಉಷ್ಣತೆ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ನನಗೆ ಸಮಾಧಾನ. (ಕೋವಿಡ್ ಕಾಲದಲ್ಲಿ ಮನೆಗೆ ಬಂದ ಹಣೆಗೆ ಹಿಡಿಯುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ, ಜ್ವರದ ಮಟ್ಟ ದಾಟಿದರೆ ಅದು ಲೆಕ್ಕ ಕೊಡುವುದಿಲ್ಲ. ಕಾರ್ಖಾನೆಗಳಲ್ಲಿ ಬಳಸುವಂಥದ್ದೇ ಬೇಕು.)

ಇಳಿತದ ಹೊತ್ತಿನಲ್ಲಿ ತಣ್ಣೀರುಬಾವಿ ಕಡಲತೀರದ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ ಕಾಣುತ್ತದೆ, ಎರಡೂ ಕಡೆ ಕೊನೆಯೇ ಇಲ್ಲ. ಒಮ್ಮೆ ಆಸೆಗೆ ಬಿದ್ದು ಅಲ್ಲಿ ಓಡಿಸಿದೆ. ಒಂದು ಟ್ಯಾಂಕ್, ಹೆಚ್ಚೆಂದರೆ ಎಂಟು ನಿಮಿಷ. ಏರ್ ಫಿಲ್ಟರಿನ ಫೋಮಿಗೆ ಎಣ್ಣೆ ಸವರುವುದನ್ನು ಮರೆತಿದ್ದೆ. ಈ ಎಂಜಿನ್ನುಗಳಲ್ಲಿ ಪಿಸ್ಟನ್ನಿಗೆ ರಿಂಗ್ ಇರುವುದಿಲ್ಲ; ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಕ್ರೋಮ್ ಲೇಪಿಸಿದ ಹಿತ್ತಾಳೆಯ ಸ್ಲೀವ್, ಮೇಲ್ಭಾಗದಲ್ಲಿ ಕೂದಲೆಳೆಯಷ್ಟು ಕಿರಿದಾಗಿರುತ್ತದೆ, ಬಿಸಿಯಾದಾಗ ಅದು ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಹೊಸ ಎಂಜಿನ್ ತಣ್ಣಗಿರುವಾಗ ಫ್ಲೈವೀಲ್ ತಿರುಗಿಸಿದರೆ ಮೇಲ್ತುದಿಯಲ್ಲಿ ಹಿಡಿದು ನಿಲ್ಲುವುದು ಅದಕ್ಕೇ. ತಣ್ಣೀರುಬಾವಿಯಿಂದ ಮನೆಗೆ ಬಂದು ತಿರುಗಿಸಿದಾಗ ಆ ಹಿಡಿತ ಇರಲಿಲ್ಲ. ಸ್ಲೀವಿನ ಒಳಮೈಯಲ್ಲಿ ಉದ್ದುದ್ದ ಗೀರುಗಳಿದ್ದವು. ಪಿಸ್ಟನ್ ಮತ್ತು ಸ್ಲೀವ್ ಎರಡನ್ನೂ ಹೊಸದಾಗಿ ತರಿಸಿದೆ.

ಪೈಪು ಮತ್ತು ಬಾಡಿಯ ಕೆಲಸಗಳು ಇದರ ನಂತರ ನಡೆದವು, ಅವುಗಳ ಬಗ್ಗೆ ಹೇಳುವುದು ಕಡಿಮೆ. ಹೊಗೆ ಹೊರಹೋಗುವ ಟ್ಯೂನ್ಡ್ ಪೈಪಿನೊಳಗೆ ಹೋದ ಒತ್ತಡದ ಅಲೆ ಹಿಂತಿರುಗಿ ಬಂದು, ತಪ್ಪಿಸಿಕೊಳ್ಳಲು ಹೊರಟ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ; ಪೈಪು ಗಿಡ್ಡವಾದಷ್ಟೂ ಅದು ಹೆಚ್ಚಿನ ಸುತ್ತುಗಳಲ್ಲಿ ಕೆಲಸ ಮಾಡುತ್ತದೆ. ಸಿಲಿಕೋನ್ ಜೋಡಣೆಯಲ್ಲಿ ಪೈಪನ್ನು ಮೂರು ಮಿಲಿಮೀಟರ್ ಒಳಕ್ಕೆ ಸರಿಸಿದ್ದು ಫಲ ಕೊಟ್ಟಿತು. ಬಾಡಿಯ ಮುಂದಿನ ಗಾಜಿನ ತೂತು ಮುಚ್ಚಿದರೆ ವೇಗ ಹೆಚ್ಚಾಯಿತು, ಆದರೆ ಹೆಡ್ಡಿನ ಉಷ್ಣತೆ 122ಕ್ಕೆ ಏರಿತು, ಆದ್ದರಿಂದ ಅರ್ಧ ತೆರೆದೆ.

ತೆಗೆದುಬಿಟ್ಟ ಸ್ಪ್ರಿಂಗ್

ಈ ಬರಹವನ್ನು ಬರೆಯಬೇಕೆನಿಸಿದ್ದು ಇನ್ನು ಹೇಳುವ ಘಟನೆಯಿಂದ. ಕಾರ್ಬುರೇಟರಿನ ಕೈಗೆ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ, ರಿಮೋಟಿನ ಅಪ್ಪಣೆಯಂತೆ ಆ ಕೈಯನ್ನು ಎಳೆಯುವ ಪುಟ್ಟ ಮೋಟರು, ಅಂದರೆ ಸರ್ವೋ, ಬಿಟ್ಟರೆ ಅದು ಕಾರ್ಬುರೇಟರನ್ನು ಮುಚ್ಚುವ ಕಡೆಗೆ ಎಳೆಯುತ್ತದೆ. ಅದರ ವಿರುದ್ಧ ಎಳೆಯಬೇಕಾದ್ದರಿಂದ ಸರ್ವೋ ಪೂರ್ತಿ ತೆರೆಯಲು ಕೂದಲಷ್ಟು ತಡ ಮಾಡುತ್ತದೆಂದು ನನಗೆ ಅನಿಸಿತು. ತೆಗೆದುಬಿಟ್ಟೆ. ರಿಮೋಟಿನ ಸಂಪರ್ಕ ತಪ್ಪಿದರೆ ಕಾರಿನೊಳಗಿನ ರಿಸೀವರ್ ತಾನೇ ಬ್ರೇಕ್ ಹಾಕುವ ಫೇಲ್‌ಸೇಫ್ ಇದೆಯಲ್ಲ ಎಂಬ ಭರವಸೆ ಇತ್ತು.

ಫೆಬ್ರವರಿಯ ಒಂದು ಸಂಜೆ, ಐದನೆಯ ಸುತ್ತು. ಗೆರೆ ದಾಟಿದ ಕೂಡಲೇ ಬೆರಳು ಬಿಟ್ಟೆ. ಎಂಜಿನ್ನಿನ ಸದ್ದು ಇಳಿಯಲಿಲ್ಲ. ಬ್ರೇಕಿಗೆ ಒತ್ತಿದೆ, ಸ್ಟಿಯರಿಂಗ್ ತಿರುಗಿಸಿದೆ, ಯಾವುದಕ್ಕೂ ಉತ್ತರವಿಲ್ಲ. ರಿಸೀವರಿನ ಬ್ಯಾಟರಿ ಖಾಲಿಯಾಗಿತ್ತು. ಸಂಪರ್ಕ ತಪ್ಪಿದರೆ ಫೇಲ್‌ಸೇಫ್ ಬ್ರೇಕ್ ಹಾಕುತ್ತದೆ ನಿಜ, ಆದರೆ ಹಾಕಲು ಅದಕ್ಕೂ ಅದೇ ಬ್ಯಾಟರಿಯ ಕರೆಂಟ್ ಬೇಕು. ಕರೆಂಟ್ ಹೋದಾಗ ಸರ್ವೋ ಎಲ್ಲಿತ್ತೋ ಅಲ್ಲಿಯೇ ನಿಂತಿತು, ಅಂದರೆ ಪೂರ್ತಿ ತೆರೆದು. ಬ್ಯಾಟರಿ ಕಾರಾಗಿದ್ದರೆ ಅಲ್ಲಿಗೆ ನಿಲ್ಲುತ್ತಿತ್ತು. ಇದಕ್ಕೆ ಟ್ಯಾಂಕಿನಲ್ಲಿ ಇಂಧನ ಇರುವವರೆಗೆ ಯಾರ ಅಪ್ಪಣೆಯೂ ಬೇಡ. ರಸ್ತೆಯ ಕೊನೆಯಲ್ಲಿ, ಹುಲ್ಲಿನ ಹೊರೆ ತಲೆಯ ಮೇಲಿಟ್ಟುಕೊಂಡ ಒಬ್ಬ ಅಜ್ಜಿ ಅಡ್ಡಲಾಗಿ ನಡೆಯುತ್ತಿದ್ದರು. ನಾನು ಕೂಗಿದೆ, ಹುಡುಗ ತಾರಸಿಯಿಂದ ಕೂಗಿದ. ಎಂಜಿನ್ನಿನ ಕಿರುಚಾಟದಲ್ಲಿ ಅವರಿಗೆ ಏನೂ ಕೇಳಿಸಲಿಲ್ಲ, ಹೊರೆಯಿಂದಾಗಿ ಈ ಕಡೆ ನೋಡಲೂ ಆಗುತ್ತಿರಲಿಲ್ಲ. ಚಕ್ರ ಎಡಕ್ಕೆ ಒಂದಿಷ್ಟು ತಿರುಗಿ ನಿಂತಿದ್ದರಿಂದ ಕಾರು ನಿಧಾನವಾಗಿ ಎಡಕ್ಕೆ ಸರಿದು, ಮನೆ ಕಟ್ಟಲು ಪೇರಿಸಿಟ್ಟಿದ್ದ ಮುರಕಲ್ಲಿನ ರಾಶಿಗೆ ಹೊಡೆಯಿತು. ಅಜ್ಜಿಗೂ ಆ ರಾಶಿಗೂ ನಡುವೆ ನಾಲ್ಕು ಹೆಜ್ಜೆ ಇತ್ತು. ಮೇಲಿನ ಕಲ್ಲಿನ ಒಂದು ಮೂಲೆ ಒಡೆದು ಕೆಂಪು ಪುಡಿ ಹಾರಿತು.

ಓಡಿಹೋಗಿ ಕೈಮುಗಿದೆ. ಅವರು ಹೊರೆ ಇಳಿಸಿ, ಕಲ್ಲಿನ ಪಕ್ಕದಲ್ಲಿ ಚೂರಾಗಿ ಬಿದ್ದು ಹೊಗೆಯಾಡುತ್ತಿದ್ದ ಕಾರನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. "ಇದನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ವಾ ಮಗಾ?" ಎಂದು ಕೇಳಿದರು. ಅವರ ಮನೆಗೆ ಹೋಗುವ ದಾರಿಯುದ್ದಕ್ಕೂ ಹೊರೆಯನ್ನು ನಾನು ಹೊತ್ತೆ, ಆ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ರಾತ್ರಿ ಲೆಕ್ಕ ಹಾಕಿದೆ: 1.8 ಕಿಲೋ ತೂಕದ ಕಾರು 60 ಕಿಲೋಮೀಟರ್ ವೇಗದಲ್ಲಿ ಬಡಿಯುವುದೆಂದರೆ, ಅದೇ ತೂಕದ ಕಲ್ಲನ್ನು ನಾಲ್ಕು ಮಹಡಿಗಿಂತ ಮೇಲಿನಿಂದ, 14 ಮೀಟರ್ ಎತ್ತರದಿಂದ, ಕೆಳಗೆ ಬಿಟ್ಟಂತೆ. ಯಾರೊಬ್ಬರೂ ಇಂಥ ಕಲ್ಲನ್ನು ಜನ ನಡೆಯುವ ದಾರಿಗೆ ಬಿಡುವುದಿಲ್ಲ. ಎಷ್ಟು ಓಡುತ್ತದೆ ಎಂದು ನಾಲ್ಕು ವರ್ಷ ಎಲ್ಲರೂ ಕೇಳಿದ್ದರು, ನಾನೂ ಅದನ್ನೇ ಅಳೆದಿದ್ದೆ. ಎಷ್ಟರಲ್ಲಿ ನಿಲ್ಲುತ್ತದೆ ಎಂದು ಒಮ್ಮೆಯೂ ಅಳೆದಿರಲಿಲ್ಲ.

ಎರಡು ತಿಂಗಳು ಕಾರು ಮೇಜಿನ ಮೇಲೆಯೇ ಇತ್ತು. ಚಾಸಿ ಹೊಸದು ಬಂತು. ಸ್ಪ್ರಿಂಗ್ ವಾಪಸು ಬಂತು, ಅದರ ಜೊತೆಗೆ ಎರಡನೆಯದೂ ಒಂದು. ರಿಸೀವರ್ ಬ್ಯಾಟರಿಯ ವೋಲ್ಟೇಜನ್ನು ಪ್ರತಿ ಟ್ಯಾಂಕಿಗೂ ಮೊದಲು ಮೀಟರಿನಲ್ಲಿ ನೋಡುತ್ತೇವೆ. ಬ್ಯಾಟರಿಯ ತಂತಿಯನ್ನು ಕಿತ್ತು ಕಾರ್ಬುರೇಟರ್ ತಾನೇ ಮುಚ್ಚುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಚಕ್ರ ನೆಲಕ್ಕೆ. ರಸ್ತೆಯ ಎರಡೂ ತುದಿಯಲ್ಲಿ ಒಬ್ಬೊಬ್ಬರು ಕೆಂಪು ಬಟ್ಟೆ ಹಿಡಿದು ನಿಲ್ಲದಿದ್ದರೆ ಓಟವಿಲ್ಲ.

ಮಳೆ ಹಿಡಿಯುವ ಮೊದಲಿನ ಕೊನೆಯ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಓಡಿಸಿದೆವು. 159 ಫ್ರೇಮ್, ಗಂಟೆಗೆ 68 ಕಿಲೋಮೀಟರ್, ಎರಡು ಸ್ಪ್ರಿಂಗಿನೊಂದಿಗೆ. ತಡವಾಗುತ್ತದೆಂದು ನಾನು ಊಹಿಸಿದ್ದ ಆ ಕೂದಲಷ್ಟು ಹೊತ್ತು ಫ್ರೇಮಿನ ಎಣಿಕೆಗೆ ಸಿಗುವಷ್ಟೂ ಇರಲಿಲ್ಲ. ಟ್ಯಾಂಕಿನಲ್ಲಿ ಉಳಿದ ಇಂಧನವನ್ನು ಪೂರ್ತಿ ಉರಿಸಿ ಮುಗಿಸಿದೆ, ಏಕೆಂದರೆ ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಂಡು ಬೇರಿಂಗಿಗೆ ತುಕ್ಕು ಹಿಡಿಸುತ್ತದೆ, ನಮ್ಮ ಮಳೆಗಾಲದಲ್ಲಿ ಅದಕ್ಕೆ ಒಂದು ವಾರ ಸಾಕು. ಪ್ಲಗ್ಗಿನ ತೂತಿನಿಂದಲೂ ಕಾರ್ಬುರೇಟರಿನಿಂದಲೂ ಎಣ್ಣೆ ಬಿಟ್ಟು, ಫ್ಲೈವೀಲ್ ತಿರುಗಿಸಿ, ಪ್ಲಾಸ್ಟಿಕ್ ಸುತ್ತಿ ಇಟ್ಟೆವು. ಹುಡುಗ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಬರೆದ: ಹೊತ್ತು, ಗಾಳಿಯ ಉಷ್ಣತೆ, ನೀಡಲ್, ಹಲ್ಲು, ಹೆಡ್ಡಿನ ಉಷ್ಣತೆ, ಫ್ರೇಮ್. ಪಕ್ಕದಲ್ಲಿ ಸ್ಕೇಲಿಟ್ಟು ಅವನು ಹೊಸದಾಗಿ ಒಂದು ಕಂಬಸಾಲು ಎಳೆದಿದ್ದಾನೆ, "ನಿಂತ ದೂರ" ಎಂದು. ಅದರಲ್ಲಿ ಮೊದಲ ಲೆಕ್ಕ 41 ಮೀಟರ್. ಬ್ರೇಕಿನ ಪ್ಯಾಡ್ ಬದಲಿಸಿದ ಮೇಲೆ 34.